ಹಾಜರಿ ಪುಸ್ತಕದಲ್ಲಿಲ್ಲದ ಇಬ್ಬರು

ಕಟ್ಟಡ ಕುಸಿದಾಗ ಬಕೆಟ್ ಅಕ್ಕ ಎದುರಿನ ಅಂಗಡಿಯಲ್ಲಿ ಸೋಪಿನ ಪುಡಿ ಕೊಳ್ಳುತ್ತಿದ್ದಳು. ಐದು ಅಂತಸ್ತಿನ ಆ ಕಚೇರಿಯನ್ನು ಹದಿನಾಲ್ಕು ವರ್ಷ ಗುಡಿಸಿ ಒರೆಸಿದವಳು. ಯಾವ ಮೆಟ್ಟಿಲು ಸವೆದಿದೆ, ಯಾವ ಬಾಗಿಲು ಉಬ್ಬಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳು. ಬೆಳಿಗ್ಗೆ ಹತ್ತಕ್ಕೆ ಮೂರನೆಯ ಮಹಡಿಯ ಕಂಬ ಫಟ್ ಎಂದು ಸಿಡಿಯಿತು. ಗುಮಾಸ್ತರೆಲ್ಲ ಎದ್ದೆವೋ ಬಿದ್ದೆವೋ ಎಂದು ಹೊರಗೋಡಿ ಬಂದರು. ಅವರು ರಸ್ತೆ ದಾಟುವಷ್ಟರಲ್ಲಿ ಇಡೀ ಕಟ್ಟಡ ಕಾಲು ಸೋತವರಂತೆ ಕೂತುಬಿಟ್ಟಿತು.

ಧೂಳು ಇನ್ನೂ ಇಳಿದಿರಲಿಲ್ಲ, ರಕ್ಷಣಾ ದಳ ಬಂತು. ಮ್ಯಾನೇಜರ್ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಕೂಗಿದ. ಮೂವತ್ತೆಂಟಕ್ಕೆ ಮೂವತ್ತೆಂಟೂ ಜನ ಇದ್ದರು. ಎಲ್ಲರೂ ತಬ್ಬಿಕೊಂಡು ಅತ್ತರು. ರಸ್ತೆಗೆ ಚಾಚಿದ್ದ ಛಾವಣಿಯನ್ನು ಎತ್ತಲು ಕ್ರೇನ್ ಕೊಕ್ಕೆ ಇಳಿಸಿತು.

ಬಕೆಟ್ ಅಕ್ಕ ಗುಂಪನ್ನು ಸೀಳಿಕೊಂಡು ನುಗ್ಗಿದಳು. "ನಿಲ್ಸಿ! ಇನ್ನೂ ಇಬ್ಬರು ಒಳಗಿದ್ದಾರೆ. ನನ್ನ ನಾದಿನಿ, ಆಮೇಲೆ ನಲ್ಲಿ ರಿಪೇರಿಯವನು. ಪಂಪ್ ರೂಮಲ್ಲಿ!"

"ಪುಸ್ತಕದ ಲೆಕ್ಕ ಸರಿಹೋಗಿದೆ ಸಾರ್," ಎಂದು ಮ್ಯಾನೇಜರ್ ದಳದ ಕ್ಯಾಪ್ಟನ್‌ಗೆ ಹೇಳಿದ. "ಈಕೆ ಗಾಬರಿಯಾಗಿದ್ದಾರೆ."

"ಪುಸ್ತಕದಲ್ಲಿ ನಾನಿದ್ದೀನಾ ನೋಡಿ ಮತ್ತೆ."

ಅವನು ಹಾಳೆ ತಿರುವಿ ತಲೆ ತಗ್ಗಿಸಿದ. "ನೀವು ಗುತ್ತಿಗೆಯವರು. ನಿಮ್ಮ ಹೆಸರು ಬರೆಯೋ ಪದ್ಧತಿ ಇಲ್ಲ."

"ಹಾಗಾದ್ರೆ ನಿಮ್ಮೆದುರು ನಿಂತು ಬಾಯಿ ಮಾಡ್ತಿರೋದು ದೆವ್ವಾನಾ?"

ದಳದ ಕ್ಯಾಪ್ಟನ್ ನರೆಗೂದಲಿನ, ಮಾತು ಕಡಿಮೆಯ ಮನುಷ್ಯ. ಕೈ ಎತ್ತಿದ; ಕ್ರೇನ್ ನಿಂತಿತು. ಅವನ ನಕ್ಷೆಯಲ್ಲಿ ಪಂಪ್ ರೂಮೇ ಇರಲಿಲ್ಲ. ಬಕೆಟ್ ಅಕ್ಕ ಜೀಪಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದಳು: ಇದು ಹಿಂಬಾಗಿಲು, ಇದು ಮೆಟ್ಟಿಲು, ಅದರ ಅಡಿಯಲ್ಲಿ ಆಮೇಲೆ ಕಟ್ಟಿದ ಗೂಡು. "ಬಕೆಟ್ಟಿಗೆ ನೀರು ತುಂಬಿಸ್ಕೊಂಡು ಬಾ ಅಂತ ನಾದಿನೀನ ನಾನೇ ಕಳಿಸಿದ್ದು ಸಾರ್."

"ಅದಕ್ಕೇ ಎಲ್ಲಿದ್ದಾರೆ ಅಂತ ಗೊತ್ತಾಯ್ತು. ಅಳೋದು ಆಮೇಲಮ್ಮಾ."

ಅವನು ಸೀಟಿ ಊದಿದ. ಎಂಜಿನ್‌ಗಳೆಲ್ಲ ಸ್ತಬ್ಧವಾದವು, ಫೋನುಗಳೂ ಬಾಯಿ ಮುಚ್ಚಿದವು. ಕಾಂಪೌಂಡಿನ ಪಕ್ಕ ಸೊಟ್ಟಗೆ ನಿಂತಿದ್ದ ನೀರಿನ ಪೈಪಿಗೆ ಬಕೆಟ್ ಅಕ್ಕ ಕಲ್ಲಿನಿಂದ ಒಮ್ಮೆ ಬಡಿದಳು. ಸದ್ದಿಲ್ಲ. ಇನ್ನೊಮ್ಮೆ ಬಡಿದಳು. ನೆಲದಡಿಯಿಂದ ಟಣ್, ಟಣ್, ಟಣ್, ಟಣ್ ಎಂದು ಬಂತು.

"ಅವಳೇ!" ಎಂದು ಕಿರುಚಿದಳು. "ಒಂದಕ್ಕೆ ನಾಲ್ಕು ತಿರುಗಿ ಕೊಡೋಳು ಅವಳೇ!"

"ಒಂದೇ ಎತ್ತಿಗೆ ತೆಗೆದುಬಿಡ್ತೀನಿ," ಎಂದ ಕ್ರೇನಿನವನು.

"ಬೇಡ. ಇದನ್ನ ಎತ್ತಿದ್ರೆ ಪಕ್ಕದ್ದು ಜಾರಿ ಅವರ ಮೇಲೇ ಕೂರುತ್ತೆ," ಎಂದ ಕ್ಯಾಪ್ಟನ್. "ಮೊದಲು ಆಸರೆ, ಆಮೇಲೆ ದಾರಿ."

ದಳದವರು ಪಕ್ಕದಿಂದ ಸುರಂಗ ಕೊರೆದರು. ಮೊಳಕ್ಕೊಂದು ಮರದ ಆಸರೆ ಕೊಟ್ಟರು. ಒಳಗಿನ ಕಲ್ಲು ಮಣ್ಣು ಕೈಯಿಂದ ಕೈಗೆ ಹೊರಬರಬೇಕಿತ್ತು. ಅಂಗಡಿಯಿಂದ ಬಕೆಟ್ಟುಗಳನ್ನು ತರಿಸಿ ಅಕ್ಕ ಗುಮಾಸ್ತರನ್ನು ಸುರಕ್ಷಿತ ದೂರದಲ್ಲಿ ಸಾಲಾಗಿ ನಿಲ್ಲಿಸಿದಳು. "ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಸೊಂಟ ಹಿಡಿಯುತ್ತೆ!" ಪೆನ್ನು ಬಿಟ್ಟು ಬೇರೇನೂ ಎತ್ತದ ಮ್ಯಾನೇಜರ್ ಅಂಗೈ ಬೊಬ್ಬೆ ಏಳುವವರೆಗೂ ಸಾಲು ಬಿಡಲಿಲ್ಲ. ಎರಡು ಸಲ ಗೋಡೆ ಕಂಪಿಸಿತು. ಎರಡು ಸಲವೂ ಸೀಟಿ ಕೇಳಿದೊಡನೆ ಎಲ್ಲರೂ ಹಿಂದೆ ಸರಿದರು, ಆಸರೆ ಬಿಗಿಯಾದ ಮೇಲೆ ಮರಳಿದರು. ಯಾರೊಬ್ಬರಿಗೂ ಗಾಯವಾಗಲಿಲ್ಲ.

ನಾಲ್ಕು ಗಂಟೆಗೆ ನಲ್ಲಿಯವನು ಮುರಿದ ಕಾಲಿನೊಂದಿಗೆ ಹೊರಬಂದ. ಹಿಂದೆಯೇ ನಾದಿನಿ ಬಂದಳು. ಹಿಟ್ಟಿನಲ್ಲಿ ಹೊರಳಿದಂತಿದ್ದಳು, ಹಲ್ಲು ಮಾತ್ರ ಹೊಳೆಯುತ್ತಿತ್ತು.

"ಅತ್ತಿಗೆ, ಬಕೆಟ್ ಒಳಗೇ ಬಿಟ್ಟು ಬಂದೆ. ಬೇಕಾದ್ರೆ ನೀನೇ ಹೋಗಿ ತಗೋ."

"ಹಾಳಾದವಳೇ!" ಎಂದು ಅಕ್ಕ ಅವಳನ್ನು ಉಸಿರು ಕಟ್ಟುವಂತೆ ಅಪ್ಪಿಕೊಂಡಳು. ಈಗ ಅಳು ಬಂತು, ನಗುವಿನ ಜೊತೆಗೇ. ಬೀದಿಗೆ ಬೀದಿಯೇ ಕೇಕೆ ಹಾಕಿತು.

ವಿಚಾರಣೆಯಲ್ಲಿ ಅವಳನ್ನೂ ಕರೆದರು. "ಆ ಕಂಬದ ಬಿರುಕನ್ನ ಮೂರು ಸಲ ತೋರಿಸಿದ್ದೆ," ಎಂದಳು. "ಮೂರು ಸಲವೂ ಬಣ್ಣ ಬಳಿದ್ರು." ನಕ್ಷೆಯಲ್ಲಿಲ್ಲದ ಐದನೆಯ ಅಂತಸ್ತನ್ನು ಹೇರಿದ್ದ ಮಾಲೀಕ ಅಂದೇ ಸಿಕ್ಕಿಬಿದ್ದ. ಹೊಸ ಕಚೇರಿಗೆ ಹೊಸ ನಿಯಮ ಬಂತು: ಗುಮಾಸ್ತನಿರಲಿ, ಗುಡಿಸುವವಳಿರಲಿ, ಪಾರ್ಸೆಲ್ ತಂದವನಿರಲಿ, ಒಳಬರುವವರೆಲ್ಲ ಬಾಗಿಲ ಹಲಗೆಗೆ ಬಿಲ್ಲೆ ತಗುಲಿಸಬೇಕು, ಹೋಗುವಾಗ ತೆಗೆಯಬೇಕು. ಬಿರುಕು ಕಂಡರೆ ಯಾರು ಬೇಕಾದರೂ ಗಂಟೆ ಬಾರಿಸಬಹುದು. ಎಂಜಿನಿಯರ್ ನೋಡುವವರೆಗೆ ಕೆಲಸ ಬಂದ್.

ತುರ್ತಾಗಿ ಹೊರಬರುವ ಮೊದಲ ತಾಲೀಮನ್ನು ನಡೆಸಲು ಕ್ಯಾಪ್ಟನ್ ಹಟ ಹಿಡಿದು ಬಕೆಟ್ ಅಕ್ಕನನ್ನೇ ನೇಮಿಸಿದ. ಅವಳು ಗಂಟೆ ಬಾರಿಸಿದ ನಾಲ್ಕೇ ನಿಮಿಷಕ್ಕೆ ಐವತ್ತಮೂರು ಬಿಲ್ಲೆಗೆ ಐವತ್ತಮೂರು ಜನ ಅಂಗಳದಲ್ಲಿದ್ದರು. ಮ್ಯಾನೇಜರ್ ಮೆಲ್ಲಗೆ ಬಾಗಿಲ ಕಡೆ ಸರಿದ. "ಕನ್ನಡಕ ಮರೆತೆ, ಒಂದು ನಿಮಿಷ..."

ಅಕ್ಕ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು. "ಕಣ್ಣಿದ್ರೆ ಕನ್ನಡಕ ಸಾರ್. ಸಾಲಿಗೆ ನಡೀರಿ."

ಅವನು ನಗುತ್ತ ನಡೆದ. ಅಂಗಳವೆಲ್ಲ ಚಪ್ಪಾಳೆ.