ಗಾಳೆಮ್ಮನ ಏಣಿ

ಚಟ್ಟ ಕಟ್ಟಲು ಬಂದ ಓಬಣ್ಣ ಗೋಡೆಗೆ ಆನಿಸಿದ್ದ ಏಣಿಯನ್ನು ಎಳೆದುಕೊಳ್ಳುವಷ್ಟರಲ್ಲಿ ಪಂಪಮ್ಮ ಓಡಿಬಂದು ಅಡ್ಡ ನಿಂತಳು.

"ಅಣ್ಣಾ, ಒಂದೀಟು ತಡೀರಿ. ಮ್ಯಾಲೆ ಹೋಗಿ ಬರ್ತೀನಿ."

"ಹೆಣ ಒಳಗ ಇಟ್ಕೊಂಡು ಮಾಳಗಿ ಏರ್ತೀಯೇನವ್ವಾ? ಚಟ್ಟಕ್ಕ ಇದೊಂದೇ ಏಣಿ ಐತಿ. ಮತ್ತ ಮಳಿ ಬಂದ್ರ ಕುಣಿ ತುಂಬತೈತಿ."

ಒಳಗೆ ಅತ್ತೆ ಗಾಳೆಮ್ಮ ಮಲಗಿದ್ದಳು. ಹಡಗಲಿಯಿಂದ ಬಂದ ಮಗಳು ಯಶೋಧಾ ಮಲ್ಲಿಗೆ ಹಾರ ಹಾಕಿ, ಅತ್ತು ಅತ್ತು ಸೋತು ಕೂತಿದ್ದಳು. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರೆ. ಇಲ್ಲಿ ಮಣ್ಣಿನ ಮಾಳಿಗೆಯ ಹನಿ ನಿಂತಿರಲಿಲ್ಲ. ಮುದುಕಿಯ ಹಣೆಯ ಮೇಲೇ ಬಿದ್ದು ವಿಭೂತಿ ತೊಳೆಯುತ್ತಿತ್ತು. ಎತ್ತ ಸರಿಸಿದರೂ ಅಲ್ಲೊಂದು ಹನಿ. ನಲವತ್ತು ವರ್ಷ ಈ ಮನೆಯೊಳಗೆ ಒಂದು ತೊಟ್ಟು ಬಿಡದವಳು ತೊಯ್ದುಕೊಂಡು ಹೋಗಬೇಕೆ? ಚಟ್ಟಕ್ಕೆ ಹೋದ ಏಣಿ ಮನೆಗೆ ಮರಳುವುದಿಲ್ಲ. ಏರುವುದಿದ್ದರೆ ಈಗಲೇ ಏರಬೇಕು.

* * *

ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಗಾಳೆಮ್ಮ ಹಳ್ಳದ ದಂಡೆಯ, ನೀರು ಇಳಿಯಗೊಡದ ಚೌಳು ಮಣ್ಣು ತಂದು, ಜರಡಿ ಹಿಡಿದು, ಮಾಳಿಗೆ ಏರುತ್ತಿದ್ದಳು. ಹುಲ್ಲು ಕಿತ್ತು, ನೀರು ಹೋಗುವ ದೋಣಿಯ ಬಾಯಿಗೆ ಕೂತ ಬೇವಿನೆಲೆ ತೆಗೆದು, ಬಿರುಕಿಗೆ ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿಯುತ್ತಿದ್ದಳು. ಅವಳದ್ದು ಎರಡೇ ಕಟ್ಟಳೆ: ಅಂಚಿಗೆ ಹೋಗಬಾರದು, ಏಣಿ ಹಿಡಿಯುವವರಿಲ್ಲದೆ ಏರಬಾರದು. ಹಿಡಿಯುವವಳು ಪಂಪಮ್ಮ.

ಹೋದ ವರ್ಷ ಮಗ ಪಾಲಯ್ಯ, ಈ ವಯಸ್ಸಿನಲ್ಲಿ ಅವ್ವನಿಗೆ ತ್ರಾಸು ಬೇಡವೆಂದು, ಮಣ್ಣಿನ ಮೇಲೆ ಸಿಮೆಂಟು ಬಳಿಸಿದ. ಮಣ್ಣಿಗೂ ಸಿಮೆಂಟಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬೇಸಿಗೆಗೇ ಸೀಳಿತು.

ಹದಿನೈದು ದಿನದ ಹಿಂದೆ ಗಾಳೆಮ್ಮ ಮಣ್ಣಿನ ಪುಟ್ಟಿ ಹಿಡಿದು ಬಂದು ನಿಂತಿದ್ದಳು.

"ಪಂಪೀ, ಏಣಿ ಹಿಡಿಯೇ."

"ಸಿಮೆಂಟಿಗೆ ಎಂಥಾ ಮಣ್ಣು ಅತ್ತೀ? ನನಗ ಬ್ಯಾರೆ ಕೆಲಸ ಇಲ್ಲೇನು? ಸುಮ್ನ ಕುಂದ್ರು."

ಗಾಳೆಮ್ಮ ಸುಮ್ಮನೆ ಕೂತಳು. ಆಮೇಲೆ ಜ್ವರ ಬಂತು. ಪುಟ್ಟಿ ಪಡಸಾಲೆಯ ಮೂಲೆಯಲ್ಲೇ ಉಳಿಯಿತು.

* * *

ಪಾಲಯ್ಯ ಬಂದು ಏಣಿ ಹಿಡಿದ. ಪಂಪಮ್ಮ ಪುಟ್ಟಿ ಹೊತ್ತು, ಒಂದು ಬಿದಿರಿನ ಗಳ ಹಿಡಿದು ಏರಿದಳು. ಮೇಲೆ ನೀರು ಮಡುಗಟ್ಟಿತ್ತು. ಅಂಚಿಗೆ ಹೋಗದೆ, ದೂರ ಕೂತು, ಗಳದಿಂದ ದೋಣಿಯ ಬಾಯಿ ಚುಚ್ಚಿದಳು. ಕೊಳೆತ ಎಲೆ ಸರಿದು ನೀರು ದಬದಬನೆ ಅಂಗಳಕ್ಕೆ ಬಿತ್ತು. ಸೀಳಿಗೆ ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿದಳು. ತುಳಿಯುತ್ತ ತುಳಿಯುತ್ತ ಅಳು ಉಕ್ಕಿ ಬಂತು. ಅವತ್ತು ಒಂದು ಗಳಿಗೆ ಹಿಡಿದಿದ್ದರೆ ತನ್ನ ಗಂಟೇನು ಹೋಗುತ್ತಿತ್ತು?

"ನಿಂತೈತಿ ಅತ್ತಿಗೀ!" ಒಳಗಿನಿಂದ ಯಶೋಧಾ ಕೂಗಿದಳು. "ಅವ್ವನ ಮ್ಯಾಲಿನ ಹನಿ ನಿಂತೈತಿ!"

ಪಂಪಮ್ಮ ಇಳಿದ ಮೇಲೆ ಓಬಣ್ಣ ಏಣಿ ಮಲಗಿಸಿ, ಹುಲ್ಲು ಹಾಸಿ, ಗಾಳೆಮ್ಮನನ್ನು ಅದಕ್ಕೆ ಕಟ್ಟಿದ. ನಾಲ್ವರು ಹೆಗಲು ಕೊಟ್ಟರು.

"ಹೆಣ್ಮಕ್ಳು ಅಗಸಿ ತನಕ ಬಂದ್ರ ಸಾಕು," ಎಂದ ಓಬಣ್ಣ.

ಪಂಪಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಊರ ಅಗಸೆ ಬಾಗಿಲು ದಾಟಿ, ಕೆಸರು ದಾರಿಯುದ್ದಕ್ಕೂ, ಮಣ್ಣು ಮೆತ್ತಿದ ಎರಡೂ ಕೈಯಿಂದ ಏಣಿಯ ಕಾಲು ಹಿಡಿದುಕೊಂಡೇ ನಡೆದಳು.