ಬೆರಳಿನಷ್ಟು

ಅವತ್ತು ನಾನು ಏಳು ತಿಂಗಳ ಮಗಳ ಬೆನ್ನಿಗೆ ಮೂರು ಏಟು ಕೊಟ್ಟೆ. ಅವು ಬೀಳಬೇಕಾಗಿದ್ದದ್ದು ನನ್ನ ಗಂಡನ ಬೆನ್ನಿಗೆ. ಆ ಉರಿ ಇವತ್ತಿಗೂ ಪೂರ್ತಿ ಆರಿಲ್ಲ.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿ ಮೂರನೇ ದಿನ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಗಂಡ ಬಡಗಿ, ಮನೆಯ ಹಿಂದಿನ ಶೆಡ್ಡಿನಲ್ಲೇ ಅವರ ಕೆಲಸ. ಹಾಗಾಗಿ ಮಧ್ಯಾಹ್ನ ಮಗಳು ಚೋಟಿ ತಿನ್ನುವಾಗ ಎದುರು ಕೂರುವ ಹೊಣೆ ಅವರದಾಗಿತ್ತು. ತಿನ್ನಿಸುವುದಲ್ಲ, ಬರೀ ಕೂರುವುದು. ಮಗು ನೆಟ್ಟಗೆ ಕೂರುತ್ತಿದೆ, ಸಿಕ್ಕಿದ್ದನ್ನೆಲ್ಲ ಹಿಡಿದು ಬಾಯಿಗಿಡುತ್ತಿದೆ, ಇನ್ನು ಊಟವನ್ನೂ ತಾನೇ ಎತ್ತಿಕೊಂಡು ತಿನ್ನಲಿ ಎಂದು ಆರೋಗ್ಯ ಕೇಂದ್ರದ ನರ್ಸ್ ಹೇಳಿದ್ದರು.

"ಕೆಮ್ಮಿದ್ರೆ, ಓಕರಿಸಿದ್ರೆ ಗಾಬರಿ ಬೀಳ್ಬೇಡಿ. ಅದು ಕಲೀತಾ ಇದೆ ಅಂತ ಅರ್ಥ. ಸದ್ದೇ ಇಲ್ಲ ಅಂದ್ರೆ ಮಾತ್ರ ಎತ್ಕೊಳ್ಳಿ," ಎಂದು ಬಟ್ಟೆಯ ಗೊಂಬೆಯನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಹೇಗೆ ಹೊಡೆಯಬೇಕೆಂದು ತೋರಿಸಿದ್ದರು. ಆ ಪಾಠಕ್ಕೆ ಗಂಡನನ್ನೂ ಕರೆದಿದ್ದೆ. ಆದರೆ ಅವತ್ತು ಯಾರದೋ ಬಾಗಿಲ ಚೌಕಟ್ಟು ಅರ್ಜೆಂಟಂತೆ. ಹೆಂಡತಿ ಕೇಳಿಸಿಕೊಂಡು ಬಂದರೆ ಸಾಕು, ಗಂಡನಿಗೆ ತನ್ನಿಂದ ತಾನೇ ಗೊತ್ತಾಗಿಬಿಡುತ್ತದೆ ಎಂದು ಈ ಗಂಡಸರಿಗೆ ಯಾರು ಹೇಳಿಕೊಟ್ಟರೋ. ಕೊನೆಗೆ ಹೇಗೆ ಹೆಚ್ಚಬೇಕು, ಹೇಗೆ ಬೇಯಿಸಬೇಕು ಎಂದು ನಾಲ್ಕು ಸಾಲಿನ ಚೀಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಅತ್ತೆಗೆ ಇದೆಲ್ಲ ಮೊದಲಿಂದಲೂ ಆಗಿಬರುತ್ತಿರಲಿಲ್ಲ. "ಹಲ್ಲೇ ಬಂದಿಲ್ಲ, ಕ್ಯಾರೆಟ್ ಅಂತೆ! ನಾಲ್ಕು ಮಕ್ಕಳನ್ನ ನುಣ್ಣಗೆ ಅರೆದು ತಿನ್ನಿಸಿ ಸಾಕಿದೀನಮ್ಮ ನಾನು," ಎಂದು ದಿನಕ್ಕೆ ಮೂರು ಸಲ ಒಗ್ಗರಣೆ ಹಾಕುತ್ತಿದ್ದರು.

ಅವತ್ತು ಕರಡು ಬೇಗ ಮುಗಿದು ಮಧ್ಯಾಹ್ನವೇ ಮನೆಗೆ ಬಂದೆ. ಚೋಟಿ ಎತ್ತರದ ಕುರ್ಚಿಯಲ್ಲಿದ್ದಳು. ಗಂಡ ಎದುರಿಗೇ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿಸಿ, "ಎಷ್ಟು ಜಾಣೆ ನೋಡೇ! ಸದ್ದಿಲ್ದೆ ತಿಂತಿದಾಳೆ," ಎಂದರು.

ಮಗುವಿನ ಬಾಯಿ ತೆರೆದಿತ್ತು. ಕಣ್ಣು ಅಗಲವಾಗಿದ್ದವು. ತುಟಿ ನೀಲಿಗೆ ತಿರುಗುತ್ತಿತ್ತು.

ಕಿತ್ತುಕೊಂಡವಳಂತೆ ಎತ್ತಿ, ತೊಡೆಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಅಂಗೈ ಬುಡದಿಂದ ಹೆಗಲುಗಳ ನಡುವೆ ಹೊಡೆದೆ. ಒಂದು. ಎರಡು. ಮೂರನೆಯದಕ್ಕೆ ಕ್ಯಾರೆಟ್ ತುಂಡೊಂದು ನೆಲಕ್ಕೆ ಬಿತ್ತು. ಆಮೇಲೆ ಚೋಟಿ ಚೀರಿದ ಚೀರು ಬೀದಿಗೆಲ್ಲ ಕೇಳಿಸಿರಬೇಕು. ಅಷ್ಟು ಚಂದದ ಅಳುವನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಕೂಡಲೇ ಆರೋಗ್ಯ ಕೇಂದ್ರಕ್ಕೆ ಓಡಿದೆವು. ಎದೆ ಸ್ವಚ್ಛವಾಗಿದೆ, ಏನೂ ಒಳಗೆ ಉಳಿದಿಲ್ಲ ಎಂದರು ಡಾಕ್ಟರು. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿದ್ದವಳು ಮನೆಗೆ ಬಂದು ತಟ್ಟೆ ನೋಡಿದೆ. ಚಿಕ್ಕ ಚಿಕ್ಕ ತುಂಡುಗಳು, ಎಲ್ಲವೂ ಒಂದೇ ಅಳತೆ, ಅಂಚು ಗೆರೆ ಎಳೆದಂತೆ ನೇರ. ಒತ್ತಿ ನೋಡಿದರೆ ಗಟ್ಟಿ.

"ಇದೇನ್ರೀ ಇದು?"

"ನೀನೇ ಬರೆದಿದ್ಯಲ್ಲ, ಬೆರಳಿನಷ್ಟು ಹೆಚ್ಚಬೇಕು ಅಂತ. ಅವಳು ಮಲಗಿದ್ದಾಗ ಸ್ಕೇಲ್ ಇಟ್ಟು ಅವಳ ಬೆರಳು ಅಳೆದೆ. ಜಾಸ್ತಿ ಬೆಂದ್ರೆ ಅಂಚು ಒಡೆಯುತ್ತಲ್ಲ, ಅದಕ್ಕೆ ಸ್ವಲ್ಪ ಮುಂಚೆನೇ ಇಳಿಸ್ದೆ."

ನನ್ನ ಪಿತ್ತ ನೆತ್ತಿಗೇರಿತು. ಮುಷ್ಟಿಯಲ್ಲಿ ಹಿಡಿದರೂ ಮೇಲೆ ತುದಿ ಉಳಿಯಬೇಕು, ಆ ತುದಿಯನ್ನಷ್ಟೇ ಮಗು ವಸಡಲ್ಲಿ ಜಜ್ಜಿ ತಿನ್ನಬೇಕು, ದೊಡ್ಡವರ ಬೆರಳಿನ ಉದ್ದ ಬೇಕಾದದ್ದು ಅದಕ್ಕೇ. ಇವರು ಹೆಚ್ಚಿದ್ದು ಇಡಿಯಾಗಿ ಗಂಟಲಿಗೆ ಜಾರುವಂಥದ್ದು.

"ನಿನಗೆ ಬುದ್ಧಿ ಇದೆಯಾ? ಇದೇನು ಮಗು ತಿನ್ನೋ ಊಟನೋ, ನೀನು ಮಾಡೋ ಕಿಟಕಿನೋ?" ಎಂದು ಕಿರುಚಿದೆ. ಮದುವೆಯಾಗಿ ಆರು ವರ್ಷದಲ್ಲಿ ಮೊದಲ ಸಲ ಏಕವಚನಕ್ಕೆ ಇಳಿದಿದ್ದೆ. ಒಮ್ಮೆ ಇಳಿದ ಮೇಲೆ ಹತ್ತಿ ಬರಲು ಮನಸ್ಸೂ ಆಗಲಿಲ್ಲ. "ಎಲ್ಲರ ಬೆರಳು ಬಿಟ್ಟು ಅವಳ ಬೆರಳು ಹೇಗೋ ಹೊಳೀತು ನಿನಗೆ? ನಿನ್ನ ಕೈಯಲ್ಲಿ ಬೆರಳಿರಲಿಲ್ವಾ?"

ಅವರು ಎಡಗೈ ಮುಂದೆ ಚಾಚಿದರು. ತೋರುಬೆರಳು ಅರ್ಧಕ್ಕೇ ನಿಂತಿತ್ತು, ನಡುಬೆರಳಿಗೆ ಉಗುರಿರಲಿಲ್ಲ. ನಮ್ಮ ಮದುವೆಗೂ ಮೊದಲೇ ಗರಗಸ ಕೊಯ್ದದ್ದು.

"ನನ್ನ ಬೆರಳು ಯಾವುದಕ್ಕೂ ಅಳತೆ ಅಲ್ಲ ಕಣೇ," ಎಂದರು. "ಬೆರಳಿನಷ್ಟು ಅಂದ್ರೆ ನನಗೆ ನನ್ನ ಬೆರಳು ನೆನಪಿಗೇ ಬರಲ್ಲ. ಯಾರದ್ದು ಅಂತ ನೀನು ಬರೆದಿರ್ಲಿಲ್ಲ."

ಹೊಡೆದಂತಾಯಿತು. ಬೇರೆಯವರ ಬರಹದಲ್ಲಿ ಇಂಥ ಸಾಲು ಕಂಡರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಯಾರ?' ಎಂದು ಬರೆಯುವುದೇ ನನ್ನ ಹೊಟ್ಟೆಪಾಡು. ಕೋಪಕ್ಕೆ ಹೋಗಲು ದಾರಿಯಿಲ್ಲದೆ ಅದು ನನ್ನ ಕಡೆಗೇ ತಿರುಗಿತು. ಆದರೂ ಅವರನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಪಾಠಕ್ಕೆ ಬಂದಿದ್ದರೆ ಚೀಟಿಯೇ ಬೇಕಿರಲಿಲ್ಲ.

ಅತ್ತೆ ಮಗುವನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಸಾಕು ಬಿಡಮ್ಮ. ನಾಳೆಯಿಂದ ನಾನೇ ಅರೆದು ತಿನ್ನಿಸ್ತೀನಿ. ಇವನ ಕೈಗೆ ಮಗು ಕೊಡ್ಬೇಡ," ಎಂದರು.

ಗಂಡ ತಟ್ಟೆಯನ್ನು ಅತ್ತೆಯ ಕಡೆಗೆ ಸರಿಸಿದರು. ಅದೇ ಸರಿ ಎಂದು ಅವರಿಗೂ ಅನ್ನಿಸಿತ್ತು. ನಾನು ಹೂಂ ಎಂದಿದ್ದರೆ ಅವರು ಇನ್ನೆಂದೂ ಮಗಳ ತಟ್ಟೆಯ ಎದುರು ಕೂರುತ್ತಿರಲಿಲ್ಲ. ಹೂಂ ಎನ್ನುವ ಆಸೆ ನನಗೆ ಗಂಟಲವರೆಗೂ ಬಂದಿತ್ತು.

"ಬೇಡ ಅತ್ತೆ," ಎಂದೆ. "ಇವರೇ ಕಲೀಲಿ."

ಬಟ್ಟೆಯ ಗೊಂಬೆಯಿರಲಿಲ್ಲ, ದಿಂಬನ್ನೇ ಅವರ ತೊಡೆಯ ಮೇಲೆ ಹಾಕಿ ಹತ್ತು ಸಲ ಹೊಡೆಸಿದೆ. ಆಮೇಲೆ ಹೊಸ ಕ್ಯಾರೆಟ್ ಸಿಪ್ಪೆ ತೆಗೆದು ಹಲಗೆಯ ಮೇಲಿಟ್ಟೆ. ಅವರು ಚಾಕು ಹಿಡಿದರು. ಅಲಗನ್ನು ಕ್ಯಾರೆಟ್ಟಿನ ಮೇಲೆ ಹಿಂದೆ ಮುಂದೆ ಸರಿಸಿದರು.

"ಎಷ್ಟು?" ಎಂದರು.

ನನಗೆ ಇನ್ನೂ ಮೈಯೆಲ್ಲ ಉರಿಯುತ್ತಿತ್ತು. ತೋರುಬೆರಳನ್ನು ಕ್ಯಾರೆಟ್ಟಿನ ಪಕ್ಕಕ್ಕೆ, ಅವರ ಚಾಕುವಿನ ಕೆಳಗೆ ಚಾಚಿ ಇಟ್ಟೆ.

"ಇಷ್ಟು. ಹೆಚ್ಚಿ," ಎಂದೆ.