ಕಿಟಕಿಯಷ್ಟು ಜಾಗ

ಜಿ-20 ಸಭೆಗೆಂದು ವಿಶಾಖಪಟ್ಟಣಕ್ಕೆಲ್ಲ ಸುಣ್ಣಬಣ್ಣ. ದೊಡ್ಡ ದೊಡ್ಡ ದೇಶದವರು ಕೂತು ಲೋಕದ ಹಣಕಾಸು ಸರಿಮಾಡುತ್ತಾರಂತೆ, ಮಾಡಲಿ ಪುಣ್ಯಾತ್ಮರು. ಅವರ ಕಾರು ಓಡಾಡುವ ಬೀಚ್ ರಸ್ತೆಯಲ್ಲಿ ನಮ್ಮ ಹಳೇ ಮನೆಗಳು ಕಾಣಬಾರದೆಂದು ಹಸಿರು ಪರದೆ ಕಟ್ಟಲು ಬಂದರಲ್ಲ, ನನಗೆ ಮೈಯೆಲ್ಲ ಉರಿಯಿತು.

ನನ್ನ ಗಂಡ ಓಂಕಾರಪ್ಪ ನೌಕಾಪಡೆಯಲ್ಲಿ ದುಡಿದವರು. ಲಕ್ವಾ ಹೊಡೆದ ಮೇಲೆ ಸಮುದ್ರ ಕಾಣುವ ಕಿಟಕಿಯೇ ಅವರ ಪ್ರಪಂಚ. ಮಗ ಧನಂಜಯನ ಹಡಗು ಇಂದೋ ನಾಳೆಯೋ ಬರುವುದಿತ್ತು. ಅದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಆಸೆ. ಡಾಕ್ಟರು ಆಗಲೇ ಕೈಚೆಲ್ಲಿದ್ದರು.

ಪರದೆಯವರು ಕಿಟಕಿಯ ಮುಂದೆ ಗಳ ನೆಡುವಾಗ ಸೊಸೆ ಹಿಮಬಿಂದು ಒಳಗೆ ಓಡಿಬಂದಳು. ವಿಜಯವಾಡದ ಭವಾನಿಪುರಂ ಹುಡುಗಿ, ಮದುವೆಯಾದ ಹೊಸತು, ಕನ್ನಡ ಅಷ್ಟಕ್ಕಷ್ಟೆ.

“ಮಾವಯ್ಯಗಾರೂ, ಪರದಾ ಕಡತಾರಂಟ. ಏಂ ಚೆಪ್ಪಮಂಟಾರು?” ಕಟ್ಟುತ್ತಾರಂತೆ, ಏನು ಹೇಳಲಿ ಎಂದು ಕೇಳಿದಳು.

ಸರ್ಕಾರಕ್ಕೆ ಎಂದೂ ಎದುರಾಡದ ಮನುಷ್ಯ. ತೊದಲುತ್ತ, ಎಳೆದು, “ಆಗಾ...ಲಿ” ಎಂದರು.

ಕಟ್ಟಿಕೊಳ್ಳಲಿ ಬಿಡು ಎಂದು ಅವರ ಅರ್ಥ. ತೆಲುಗಿನ ಕಿವಿಗೆ ಅದು ‘ನಿಲ್ಲಬೇಕು’ ಎಂದು ಕೇಳಿಸಿತು. ವೇಲನ್ನು ಸೊಂಟಕ್ಕೆ ಬಿಗಿದು ಅವಳು ಮಾಡಿದ ರಂಪವೋ, ದೇವರೇ! ಕೊನೆಗೆ ನಮ್ಮ ಕಿಟಕಿಯಷ್ಟು ಜಾಗ ಬಿಟ್ಟು ಪರದೆ ಮುಂದಕ್ಕೆ ಹೋಯಿತು. ಎರಡೂ ಭಾಷೆ ಬಲ್ಲ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವರು ನನ್ನತ್ತ ನೋಡಿ ಅರೆಬಾಯಲ್ಲಿ ನಕ್ಕರು.

ಹಡಗು ಬರುವ ಮೊದಲೇ, ಸಭೆಯ ದಿನ ಬೆಳಗ್ಗೆ, ಅವರು ಹೋಗಿಬಿಟ್ಟರು. ಇನ್ನೊಂದು ಒಪ್ಪತ್ತು ತಡೆಯಬಾರದಿತ್ತೇ ಶಿವನೇ! ನಮ್ಮವರಲ್ಲಿ ಕೂರಿಸಿಯೇ ಒಯ್ಯುವುದು. ವಿಭೂತಿ ಹಚ್ಚಿ ಕುರ್ಚಿಯಲ್ಲಿ ಕೂರಿಸಿದೆವು.

“ಅತಿಥಿಗಳು ಬರ್ತಾರೆ ಅಂತ ರಸ್ತೆ ಬಂದ್ ಮಾಡ್ತಾರಂತೆ ಚಿಕ್ಕಮ್ಮಾ,” ಎಂದ ನನ್ನ ಅಕ್ಕನ ಮಗ ಉಮಾಶಂಕರ. “ಹಡಗು ಯಾವಾಗ ಬರುತ್ತೋ ಯಾರೂ ಹೇಳ್ತಿಲ್ಲ. ಧನಂಜಯನ್ನ ಕಾಯೋಕಾಗಲ್ಲ. ಎತ್ತೋಣೇನು?”

ನಾನೇನು ಹೇಳಲಿ? ಅಳು ಒತ್ತರಿಸಿ ಬಂದು, “ಆಗಾ...ಲಿ” ಎಂದೆ.

ಅವರು ಕುರ್ಚಿ ಎತ್ತುತ್ತಿದ್ದಂತೆ ಹಿಮಬಿಂದು ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು. “ಆಗಂಡಿ! ಅತ್ತಯ್ಯಗಾರು ಆಗಾಲಂಟುನ್ನಾರು!” ನಿಲ್ಲಿ, ಅತ್ತೆ ನಿಲ್ಲಬೇಕು ಅಂತಿದ್ದಾರೆ ಎಂದು ಕೂಗಿದಳು.

ಎಲ್ಲರೂ ನನ್ನ ಮುಖ ನೋಡಿದರು.

“ಹೌದು, ಅವಳು ಹೇಳಿದ್ದೇ ಸರಿ,” ಎಂದೆ. “ಇಳಿಸ್ರಿ.”

ರಸ್ತೆ ಬಂದ್ ಆಯಿತು. ಅತಿಥಿಗಳ ಕಾರುಗಳು ಪರದೆಯ ಸಂದಿಯಲ್ಲಿ ಒಂದೊಂದಾಗಿ ಸರಿದುಹೋದವು. ಮತ್ತೆ ಸಮುದ್ರ ಕಂಡಿತು. ಸಂಜೆಯ ಹೊತ್ತಿಗೆ ಅದರ ಮೇಲೊಂದು ಬೂದು ಹಡಗು. ಗಂಡನ ಹಡಗಿನ ಗುರುತು ಹಿಮಬಿಂದುವಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಮಾವನ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದಳು.

“ಮಾವಯ್ಯಗಾರೂ, ನಿಮ್ಮ ಮಗ ಬಂದ್ರು ನೋಡಿ,” ಎಂದಳು, ಕನ್ನಡದಲ್ಲೇ.